ಕುದುರೆಯನ್ನು ಹೊರುವ ಬಂಡಿ

ಬಂಡಿಯನ್ನೆಳೆಯುವ ಕುದುರೆಯನ್ನು ನಾವೆಲ್ಲ ಬಲ್ಲೆವು. ಕುದುರೆಯನ್ನೇ ಹೊತ್ತು ಕಾರಿನ ಹಿಂದೆ ಸಾಗುವ ಬಂಡಿಯೂ ಉಂಟು. ಬ್ರಿಟನ್ನಿನಲ್ಲಿ ಇಂಥ ಟ್ರೈಲರುಗಳು ಸಾಮಾನ್ಯ. ಇವು ಕಳ್ಳರಿಗೆ ಸುಲಭವಾಗಿ ದಕ್ಕುವುದೇಕೆ? ಟ್ರೈಲರಿಗೆ ಎಂಜಿನ್ ಇಲ್ಲ. ಹೊರಡಿಸಲು ಬೀಗದ ಕೈ ಬೇಡ. ಅದರ ಮೂತಿಯ ಬಟ್ಟಲು ಕಾರಿನ ಹಿಂಬದಿಯ ಉಕ್ಕಿನ ಗುಂಡಿನ ಮೇಲೆ ಕೂರುತ್ತದೆ. ಯೂರೋಪಿನಲ್ಲಿ ಈ ಗುಂಡಿನ ವ್ಯಾಸ 50 ಮಿಲಿಮೀಟರು ಎಂದು ನಿಗದಿಯಾಗಿರುವುದರಿಂದ, ಒಡೆಯನ ಕಾರಿಗೆ ಹೊಂದುವುದು ಕಳ್ಳನ ಕಾರಿಗೂ ಹೊಂದುತ್ತದೆ. ಮೇಲಾಗಿ ಅಲ್ಲಿ ಟ್ರೈಲರು ಧರಿಸುವುದು ಎಳೆಯುವ ಕಾರಿನ ನಂಬರನ್ನು. ಫಲಕ ಬದಲಾದೊಡನೆ ಗುರುತೂ ಮರೆಯಾಗುತ್ತದೆ.

ಆದುದರಿಂದ ಬಟ್ಟಲಿಗೊಂದು ಬೀಗ, ಚಕ್ರಕ್ಕೊಂದು ಕ್ಲ್ಯಾಂಪು ಎರಡೂ ಬೇಕು. ಬಟ್ಟಲಿಗೆ ಬೀಗ ಬಿದ್ದರೂ ಸರಪಣಿ ಕಟ್ಟಿ ಎಳೆಯಬಹುದು. ಉರುಳದ ಚಕ್ರವನ್ನೆಳೆಯುವುದು ಕಷ್ಟ. ಚೌಕಟ್ಟಿನ ಮೇಲಿರುವ ಕ್ರಮಸಂಖ್ಯೆಯನ್ನು ಬರೆದಿಡಬೇಕು. ಸಿಕ್ಕ ಬಂಡಿ ತನ್ನದೆಂದು ಸಾಧಿಸಲು ಅದು ಬಲವಾದ ಆಧಾರ.

ವಿಮೆಯ ವಿಷಯದಲ್ಲಿ ನಾವೊಂದನ್ನು ಮರೆಯಬಾರದು. ಕಾರಿನ ವಿಮೆಯು ಸಾಮಾನ್ಯವಾಗಿ, ಎಳೆಯುವಾಗ ಟ್ರೈಲರಿನಿಂದ ಅನ್ಯರಿಗಾದ ಹಾನಿಯನ್ನಷ್ಟೇ ಹೊರುತ್ತದೆ. ಕಳವಿಗೆ ಬೇರೆ ವಿಮೆ ಬೇಕು. ಕರಾರಿನಲ್ಲಿ ಹೇಳಿದ ಬೀಗವನ್ನು ಹಾಕದಿದ್ದರೆ ಪರಿಹಾರ ದೊರೆಯದೆ ಹೋಗಬಹುದು. ವಿಮೆಯು ಹಣವನ್ನು ಹಿಂದಿರುಗಿಸೀತು. ಚಿಕಿತ್ಸೆಗಾಗಿ ರಾತ್ರೋರಾತ್ರಿ ಸಾಗಿಸಬೇಕಾದ ಕುದುರೆಗೆ ಆ ಕ್ಷಣ ಬಂಡಿಯನ್ನು ತಂದುಕೊಡಲಾರದು.