ಗೋಡೆಯ ಮೇಲಿನ ಕಪ್ಪು

ಸುಣ್ಣ ಬಳಿದ ಕಾಂಪೌಂಡ್ ಗೋಡೆ ನಾಲ್ಕು ಮಳೆಗಾಲ ಕಂಡಿತೆಂದರೆ ಕಪ್ಪಗಾಗುತ್ತದೆ. ಹೊಗೆ, ಧೂಳು ಎಂದು ಬೈದುಕೊಳ್ಳುತ್ತೇವೆ. ಬಹಳ ಕಡೆ ಅದು ಮಸಿಯಲ್ಲ, ಜೀವ. ಸೈಟೊನೆಮಾದಂಥ ನೀಲಿ-ಹಸಿರು ಪಾಚಿ. ಪಾಚಿ ಅನ್ನುವುದು ರೂಢಿಯ ಮಾತು. ಅಸಲಿಗೆ ಇವು ದ್ಯುತಿಸಂಶ್ಲೇಷಣೆ ಬಲ್ಲ ಬ್ಯಾಕ್ಟೀರಿಯಾ.

ಇವುಗಳ ಪಾಡು ಇಕ್ಕಟ್ಟಿನದು. ಅನ್ನ ಬೇಯುವುದು ಬಿಸಿಲಿನಲ್ಲೇ, ಹಾಗಾಗಿ ನೆರಳಿಗೆ ಸರಿದು ಕೂರುವಂತಿಲ್ಲ. ಅದೇ ಬಿಸಿಲಿನಲ್ಲಿ ಬರುವ ಅತಿನೇರಳೆ ಕಿರಣ ಡಿಎನ್‌ಎ ಎಳೆಯಲ್ಲಿ ಅಕ್ಕಪಕ್ಕ ಕೂತ ಎರಡು ಥೈಮಿನ್‌ಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತದೆ. ಡಿಎನ್‌ಎ ನಕಲು ಮಾಡುವ ಕಿಣ್ವ ಅಲ್ಲಿ ಬಂದು ಎಡವುತ್ತದೆ. ಬೆಸುಗೆ ಬಿಡಿಸಲು ಫೋಟೊಲಯೇಸ್ ಎಂಬ ಇನ್ನೊಂದು ಕಿಣ್ವವಿದೆ, ಅದು ಕೆಲಸ ಮಾಡುವುದೂ ಬಿಸಿಲಿನ ನೀಲಿ ಬೆಳಕಿನ ಬಲದಿಂದಲೇ! ಆದರೆ ಗೋಡೆಯ ಪಾಚಿಗೆ ಇದನ್ನೇ ನಂಬಿ ಕೂರಲಾಗದು. ಬೇಸಿಗೆಯಲ್ಲಿ ಅದು ಹಪ್ಪಳದಂತೆ ಒಣಗಿರುತ್ತದೆ. ನೀರಿಲ್ಲದೆ ರಿಪೇರಿಯಿಲ್ಲ, ಬಿಸಿಲಿಗೆ ಮಾತ್ರ ರಜೆಯಿಲ್ಲ.

ಅದಕ್ಕೇ ಕೊಡೆ. ಪಾಚಿಯ ಪ್ರತಿ ಎಳೆಯ ಸುತ್ತ ಲೋಳೆಯ ಕವಚವೊಂದಿದೆ. ಅದರೊಳಕ್ಕೆ ಪಾಚಿ ಸೈಟೊನೆಮಿನ್ ಎಂಬ ಹಳದಿ-ಕಂದು ಬಣ್ಣವನ್ನು ತುಂಬುತ್ತದೆ. ದಟ್ಟವಾದಾಗ ನಮಗೆ ಕಾಣುವುದು ಕಪ್ಪು. 370 ನ್ಯಾನೊಮೀಟರ್ ಆಸುಪಾಸಿನ ಕಿರಣವನ್ನು ಅದು ಹೀರಿಕೊಂಡು, ಅಡುಗೆಗೆ ಬೇಕಾದ ಕೆಂಪು ಬೆಳಕನ್ನು ಒಳಗೆ ಬಿಡುತ್ತದೆ. ಯುವಿ-ಎ ಎಂಬ ಬಗೆಯ ಅತಿನೇರಳೆ ಕಿರಣಗಳಲ್ಲಿ ಶೇಕಡ 90ರವರೆಗೂ ಬಾಗಿಲಲ್ಲೇ ತಡೆಯಬಲ್ಲದು. ಒಮ್ಮೆ ತಯಾರಾದರೆ ಸಾಕು, ಕೋಶ ನಿದ್ದೆಹೋದರೂ ಕೊಡೆ ಬಿಚ್ಚಿಯೇ ಇರುತ್ತದೆ. ನನಗೆ ಇದರಲ್ಲಿ ಅತಿ ಜಾಣತನದ್ದೆನಿಸುವುದು ಈ ಅಂಶ. ಸ್ವಿಸ್ ಸಸ್ಯವಿಜ್ಞಾನಿ ಕಾರ್ಲ್ ನೇಗೆಲಿ 1849ರಲ್ಲೇ ಈ ಬಣ್ಣವನ್ನು ಗುರುತಿಸಿದ್ದ. ಅಣುವಿನ ರಚನೆ ಗೊತ್ತಾಗಲು 1993 ಬರಬೇಕಾಯಿತು.

ಎಲ್ಲರದೂ ಇದೇ ಉಪಾಯವಲ್ಲ. ಬಿಸಿನೀರಿನ ಬುಗ್ಗೆ, ಉಪ್ಪುಕೊಳಗಳ ತಳದಲ್ಲಿ ಚಾಪೆಯಂತೆ ಹಬ್ಬುವ ಕೆಲವು ಎಳೆಗಳು ನಡುಮಧ್ಯಾಹ್ನ ಕೆಳಪದರಕ್ಕೆ ಜಾರಿ, ಹೊತ್ತಿಳಿದ ಮೇಲೆ ಮೇಲೆ ಬರುತ್ತವೆ. ಸುಶಿ ಸುತ್ತುವ ನೋರಿಯ ಜಾತಿಯ ಕೆಂಪು ಕಡಲಪಾಚಿಯಲ್ಲಿ ಬಣ್ಣವೇ ಇಲ್ಲದ ಬೇರೊಂದು ತಡೆ ಅಣುವಿದೆ. ಅದನ್ನು ಬಸಿದು ಸನ್‌ಸ್ಕ್ರೀನ್ ಕ್ರೀಮಿಗೂ ಬೆರೆಸುತ್ತಾರೆ.

ಗೋಡೆಗೆ ಮರಳೋಣ. ಒಣಗಿದ ಎಳೆಗಳ ಮೇಲೆ ಮುಂಗಾರಿನ ಹನಿ ಬಿದ್ದರೆ ಲೋಳೆ ನೀರು ಹೀರಿ ಉಬ್ಬುತ್ತದೆ. ಮೊದಲು ಉಸಿರಾಟ, ಆಮೇಲೆ ದ್ಯುತಿಸಂಶ್ಲೇಷಣೆ. ಅಷ್ಟುಹೊತ್ತಿಗೆ ಮನೆಯ ಯಜಮಾನರು ತಂತಿ ಬ್ರಷ್ ಹುಡುಕುತ್ತಿರುತ್ತಾರೆ.