ಜಲಾಂತರ್ಗಾಮಿಯ ಎರಡು ಆಯುಧಗಳು

ಕಾರವಾರದ ಕಡಲ ದಂಡೆಯಲ್ಲಿ ಪ್ರದರ್ಶನಕ್ಕಿಟ್ಟಿರುವ ‘ಚಾಪಲ್’ ಎಂಬ ಹಳೆಯ ಕ್ಷಿಪಣಿ ದೋಣಿಯನ್ನು ನೋಡಿ ಬಂದಂದಿನಿಂದ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿದ್ದಿತು. ದೂರದಿಂದಲೇ ಹಡಗನ್ನು ಹೊಡೆಯಬಲ್ಲ ಕ್ಷಿಪಣಿಗಳಿರುವಾಗ, ಜಲಾಂತರ್ಗಾಮಿ ನೌಕೆಗಳು ಹಳೆಯ ಟಾರ್ಪೆಡೋವನ್ನು ಇನ್ನೂ ಏಕೆ ಹೊತ್ತು ತಿರುಗುತ್ತವೆ? ಓದಿ ತಿಳಿದಷ್ಟನ್ನು ವಾಚಕರ ಮುಂದಿಡುತ್ತೇನೆ.

ಟಾರ್ಪೆಡೋ ನೀರೊಳಗೇ ಸಾಗುವ ಸಿಡಿಗುಂಡು. ಈಗಿನವು ಹಡಗಿನ ಸದ್ದನ್ನು ಆಲಿಸಿ, ಗಂಟೆಗೆ ಸುಮಾರು 80-90 ಕಿಲೋಮೀಟರು ವೇಗದಿಂದ ಬೆನ್ನಟ್ಟುತ್ತವೆ. ಕ್ಷಿಪಣಿಯ ರೀತಿಯೇ ಬೇರೆ. ನಮ್ಮ ಕಲ್ವರಿ ವರ್ಗದ ಜಲಾಂತರ್ಗಾಮಿಗಳಲ್ಲಿರುವ ಎಕ್ಸೋಸೆಟ್ ಕ್ಷಿಪಣಿಯನ್ನು ನೀರು ಹೊಗದ ಕೋಶದಲ್ಲಿಟ್ಟು, ಟಾರ್ಪೆಡೋ ನಾಳದಿಂದಲೇ ಬಿಡುತ್ತಾರೆ. ಕೋಶವು ನೀರಿನ ಮೇಲಕ್ಕೆ ಬಂದೊಡನೆ ಕ್ಷಿಪಣಿಯು ಹೊತ್ತಿಕೊಂಡು, ಅಲೆಗಳನ್ನು ಸವರುವಂತೆ ಸುಮಾರು 50 ಕಿಲೋಮೀಟರು ಹಾರುತ್ತದೆ.

ಹಾಗಾದರೆ ಕ್ಷಿಪಣಿಯೇ ಮೇಲೆಂದು ತೋರಬಹುದು. ಆದರೆ ಜಲಾಂತರ್ಗಾಮಿಗೆ ಅಡಗಿರುವುದೇ ಕವಚ. ಬೆಂಕಿಯುಗುಳುತ್ತ ಮೇಲೇಳುವ ಕ್ಷಿಪಣಿಯು ತನ್ನ ಒಡೆಯನ ಠಾವನ್ನು ಶತ್ರುವಿಗೆ ತೋರಿಸಿಕೊಡಬಹುದು. ಅಲ್ಲದೆ ಅಷ್ಟು ದೂರದ ಹಡಗು ಯಾರದೆಂದು ನೀರೊಳಗಿನಿಂದ ನಿಶ್ಚಯಿಸುವುದು ಸುಲಭವಲ್ಲ.

ಎರಡನೆಯ ಭೇದ ಗಾಯದಲ್ಲಿದೆ. ಕ್ಷಿಪಣಿಯು ಸಾಮಾನ್ಯವಾಗಿ ನೀರಿನ ಮಟ್ಟದಿಂದ ಮೇಲೆ ಬಡಿದು ಬೆಂಕಿ ಹೊತ್ತಿಸುತ್ತದೆ. ಟಾರ್ಪೆಡೋ ಕೆಳಗೆ ಬಡಿದು ನೀರು ನುಗ್ಗಿಸುತ್ತದೆ. ಈಗಿನ ಟಾರ್ಪೆಡೋಗಳು ಹಡಗಿನ ತಳದಡಿಯೇ ಸಿಡಿದು, ಅನಿಲದ ಗುಳ್ಳೆಯಿಂದ ಅದನ್ನು ಎತ್ತಿ ಕುಕ್ಕಿ ಬೆನ್ನೆಲುಬನ್ನೇ ಮುರಿಯಬಲ್ಲವು.

1982ರ ಫಾಕ್ಲೆಂಡ್ ಯುದ್ಧ ಇದಕ್ಕೆ ಸಾಕ್ಷಿ. ಮೇ 2ರಂದು ಬ್ರಿಟನ್ನಿನ ‘ಕಾಂಕರರ್’ ಜಲಾಂತರ್ಗಾಮಿಯು, ಎರಡನೆಯ ಮಹಾಯುದ್ಧಕ್ಕಿಂತ ಹಿಂದಿನ ಮಾದರಿಯ ಟಾರ್ಪೆಡೋಗಳಿಂದಲೇ ಅರ್ಜೆಂಟೀನದ ‘ಜನರಲ್ ಬೆಲ್‌ಗ್ರಾನೊ’ ಎಂಬ ದೊಡ್ಡ ನೌಕೆಯನ್ನು ಮುಳುಗಿಸಿತು. ಸತ್ತವರು 323 ಮಂದಿ. ಎರಡು ದಿನಗಳ ತರುವಾಯ ವಿಮಾನದಿಂದ ಬಂದ ಎಕ್ಸೋಸೆಟ್ ಬ್ರಿಟನ್ನಿನ ‘ಶೆಫೀಲ್ಡ್’ಗೆ ತಗುಲಿತು. ಉರಿದು ನಿರುಪಯುಕ್ತವಾದ ಆ ಹಡಗು ಮುಳುಗಿದ್ದು ಮೇ 10ರಂದು. ಸತ್ತವರು 20 ಮಂದಿ. ಹಡಗುಗಳೂ ಸಂದರ್ಭಗಳೂ ಬೇರೆಯಾದುದರಿಂದ ಇದು ತಕ್ಕಡಿಯ ತೂಕವಲ್ಲ. ಆದರೂ ಬೆಂಕಿಗೂ ನೀರಿಗೂ ಇರುವ ಅಂತರ ಸ್ಪಷ್ಟವಾಗುತ್ತದೆ.

ನಾವು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 1971ರ ಡಿಸೆಂಬರ್ 9ರ ರಾತ್ರಿ ದೀವ್ ತೀರದಾಚೆ, ಪಾಕಿಸ್ತಾನದ ಜಲಾಂತರ್ಗಾಮಿಯನ್ನು ಅರಸುತ್ತಿದ್ದ ನಮ್ಮ ‘ಖುಕ್ರಿ’ ಯುದ್ಧನೌಕೆಯನ್ನು, ಅರಸಲ್ಪಟ್ಟ ‘ಹಂಗೋರ್’ ಟಾರ್ಪೆಡೋವಿನಿಂದ ಹೊಡೆಯಿತು. ಖುಕ್ರಿ ನಿಮಿಷಗಳಲ್ಲಿ ಮುಳುಗಿತು. 18 ಅಧಿಕಾರಿಗಳೂ 176 ನಾವಿಕರೂ ಮಡಿದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗಿನೊಡನೆಯೇ ಜಲಸಮಾಧಿಯಾದರು.

ಆದುದರಿಂದ ಇವೆರಡರಲ್ಲಿ ಒಂದು ಹಳತು, ಒಂದು ಹೊಸತು ಎಂದು ಎಣಿಸುವುದು ತಪ್ಪು. ದೂರದಿಂದ ಬೇಗನೆ ಹೊಡೆಯಲು ಕ್ಷಿಪಣಿ. ಅಡಗಿ ಸಮೀಪಿಸಿ ಮುಳುಗಿಸಲು ಟಾರ್ಪೆಡೋ. ಕಾರವಾರದ ದಂಡೆಯಲ್ಲಿ ಎದ್ದ ಪ್ರಶ್ನೆಗೆ ಉತ್ತರ ದೊರಕಿತು. ಆದರೆ ಯಾವ ಆಯುಧವನ್ನು ಹೋಲಿಸಹೊರಟರೂ ಕೊನೆಗೆ ನನ್ನ ಮನಸ್ಸು ಹೋಗಿ ನಿಲ್ಲುವುದು, ಮನೆಗೆ ಮರಳದ ಆ 194 ಜನರ ಬಳಿಯೇ.