ನಿಮಗಿದು ಗೊತ್ತೆ? ಲಕ್ಷಣವೇ ಇಲ್ಲದವರಿಗೆ 10,100 ಹಾಸಿಗೆ!
ಜ್ವರವಿಲ್ಲ, ಕೆಮ್ಮಿಲ್ಲ, ಕೊರೊನಾ ವರದಿ ಮಾತ್ರ ಪಾಸಿಟಿವ್. 2020ರಲ್ಲಿ ಇಂಥವರಿಗೂ ಸೌಮ್ಯ ಲಕ್ಷಣದವರಿಗೂ ನೆಲಮಂಗಲ ದಾರಿಯ ಮಾದಾವರದ ವಸ್ತುಪ್ರದರ್ಶನ ಕೇಂದ್ರದಲ್ಲಿ 10,100 ಹಾಸಿಗೆಗಳ ಆರೈಕೆ ಕೇಂದ್ರ ಯೋಜಿಸಲಾಯಿತು. ಜುಲೈನಲ್ಲಿ ಬಾಗಿಲು ತೆರೆದದ್ದು ಸೆಪ್ಟೆಂಬರ್‌ನಲ್ಲೇ ಮುಚ್ಚಿತು. ಮನೆಯಲ್ಲೇ ಪ್ರತ್ಯೇಕವಾಗಿರಲು ಅನುಮತಿ ಸಿಕ್ಕಿ, ಬರುವವರು ಕಡಿಮೆಯಾಗಿದ್ದರು.

ಮನೆ ಆರೈಕೆಗೆ ಬೇಕಾದದ್ದು ಗಾಳಿಯಾಡುವ ಕೋಣೆ, ಮಾಸ್ಕ್, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್. ಮಾಕಳಿದುರ್ಗದ ಬೆಟ್ಟ ಹತ್ತುವಾಗ ಏದುಸಿರು ತಾನಾಗಿಯೇ ಎಚ್ಚರಿಸುತ್ತದೆ. ಕೊರೊನಾದಲ್ಲಿ ಹಾಗಲ್ಲ, ಉಬ್ಬಸವಿಲ್ಲದೆಯೂ ರಕ್ತದ ಆಮ್ಲಜನಕ ಇಳಿಯಬಹುದು! ಅದಕ್ಕೇ ಕೋಣೆಯಲ್ಲಿ ಆರು ನಿಮಿಷ ನಡೆದು, ಮತ್ತೆ ಬೆರಳಿಟ್ಟು ಅಂಕಿ ನೋಡುವ ಪರೀಕ್ಷೆ ಬಂತು.

2022ರ ಜನವರಿಯ ಕೇಂದ್ರ ಮಾರ್ಗಸೂಚಿಯಂತೆ ಲಕ್ಷಣರಹಿತರ ಆಮ್ಲಜನಕ ಮಟ್ಟ ಶೇ 93ಕ್ಕಿಂತ ಹೆಚ್ಚಿರಬೇಕಿತ್ತು. ಪ್ರತ್ಯೇಕವಾಸ ಕನಿಷ್ಠ 7 ದಿನ.